ಮೇಣದ ಬ್ಲಾಕು ಮತ್ತು ಹದಿನೈದು ನಿಮಿಷ

"ಬ್ಲಾಕ್ ತಂದಿದ್ದೀರಾ?"

ಬೆಂಗಳೂರಿನ ಆಸ್ಪತ್ರೆಯ ಕೌಂಟರಿನ ಆ ಕಡೆಯಿಂದ ಈ ಪ್ರಶ್ನೆ ಬಂದಾಗ ನಮ್ಮ ಸೋದರತ್ತೆ ನನ್ನ ಮುಖ ನೋಡಿದಳು. ನಾನು ಅವಳ ಕೈಲಿದ್ದ ಪ್ಲಾಸ್ಟಿಕ್ ಚೀಲ ನೋಡಿದೆ. ಸ್ಕ್ಯಾನಿಂಗ್ ಫಿಲಂ ಇತ್ತು, ರಕ್ತಪರೀಕ್ಷೆಯ ಚೀಟಿಗಳಿದ್ದವು, ಆಧಾರ್ ಕಾರ್ಡಿನ ಜೆರಾಕ್ಸ್ ಇತ್ತು, ಬೇಕಾದೀತೆಂದು ರೇಷನ್ ಕಾರ್ಡೂ ಇತ್ತು. ಬ್ಲಾಕ್ ಇರಲಿಲ್ಲ. ಬ್ಲಾಕ್ ಅಂದರೆ ಏನು ಅಂತಲೇ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. "ಊರಾಗ ಯಾರೂ ಹೇಳ್ಲಿಲ್ಲಲ್ಲ ತಮ್ಮಾ" ಅಂದಳು ಅತ್ತೆ, ತಪ್ಪು ತನ್ನದೇ ಎಂಬ ಹಾಗೆ.

ಬಯಾಪ್ಸಿ ಮಾಡಿದಾಗ ಗಂಟಿನಿಂದ ತೆಗೆದ ಚೂರನ್ನು ಫಾರ್ಮಲಿನ್‌ನಲ್ಲಿ ಹಾಕಿ, ಆಮೇಲೆ ಮೇಣದಲ್ಲಿ ಕೂರಿಸುತ್ತಾರೆ. ಹೆಬ್ಬೆರಳಿನಷ್ಟು ಅಗಲದ ಆ ಮೇಣದ ತುಂಡೇ ಬ್ಲಾಕ್. ಅದರಿಂದ ತೆಳ್ಳಗೆ ಪದರ ಕೊಯ್ದು ಗಾಜಿನ ಮೇಲೆ ಅಂಟಿಸಿ ಬಣ್ಣ ಹಾಕಿದರೆ ಸ್ಲೈಡ್. ಸೂಕ್ಷ್ಮದರ್ಶಕದಲ್ಲಿ ಅದನ್ನು ನೋಡಿ ಪೆಥಾಲಜಿಸ್ಟ್ ವರದಿ ಬರೆಯುತ್ತಾರೆ. ನಮ್ಮ ಕೈಗೆ ಸಿಗುವುದು ಆ ವರದಿಯ ಕಾಗದ ಮಾತ್ರ. ಕ್ಯಾನ್ಸರಿನ ನಿಜವಾದ ಸಾಕ್ಷಿ ಊರಿನ ಯಾವುದೋ ಲ್ಯಾಬಿನ ಡಬ್ಬದಲ್ಲಿ ಉಳಿದಿರುತ್ತದೆ.

ಸಿಂಧನೂರಿನ ಕಡೆಯಿಂದ ಬೆಂಗಳೂರಿಗೆ ರಾತ್ರಿಯಿಡೀ ಬಸ್ಸು. ಅದೇ ಬಸ್ಸಿನಲ್ಲಿ ಹಿಂತಿರುಗಿ, ಲ್ಯಾಬಿನಲ್ಲಿ ಬ್ಲಾಕ್ ಹುಡುಕಿಸಿ, ಮತ್ತೆ ಬಂದು, ಇನ್ನೊಂದು ಪರೀಕ್ಷೆಗೆ ಕಾದು, ಕೊನೆಗೊಂದು ದಿನ ಮೂವರು ವೈದ್ಯರು ಅವಳ ಫೈಲನ್ನು ಒಟ್ಟಿಗೆ ಕೂತು ನೋಡಿದರು. ಹದಿನೈದು ನಿಮಿಷ ಆಗಿರಬಹುದು. ಊರಿನ ಸರ್ಜನ್ "ಬರುವ ವಾರವೇ ಆಪರೇಷನ್" ಎಂದಿದ್ದರು. ಇವರು ಕ್ರಮ ಬದಲಿಸಿದರು. ಎದೆಯ ಗಂಟು ದೊಡ್ಡದಿದೆ, ಕಂಕುಳಿನ ಗ್ರಂಥಿಗಳಿಗೂ ಹೋಗಿದೆ, ಮೊದಲು ಕಿಮೊ ಕೊಡೋಣ, ಗಂಟು ಕುಗ್ಗಲಿ, ಆಮೇಲೆ ಆಪರೇಷನ್ ಎಂದರು. ಬಾಗಿಲ ಹತ್ತಿರ ಹೋಗಿದ್ದ ನಮ್ಮನ್ನು ಕರೆದು ಇನ್ನೊಂದು ಮಾತು ಹೇಳಿದರು: "ಈ ಕಿಮೊಗೆ ನೀವು ಇಲ್ಲಿಗೇ ಬರಬೇಕಿಲ್ಲ, ನಿಮ್ಮ ಕಡೆಯೇ ಹಾಕಿಸಿಕೊಳ್ಳಬಹುದು."

ಅಂದರೆ ಬೆಂಗಳೂರಿನಿಂದ ಅತ್ತೆಗೆ ಬೇಕಾಗಿದ್ದದ್ದು ಆ ಹದಿನೈದು ನಿಮಿಷದ ಮಾತುಕತೆ. ಅದಕ್ಕಾಗಿ ಅವಳು ನಾಲ್ಕು ಸಲ ಬಂದಳು, ಸುಮಾರು ಒಂದು ತಿಂಗಳು ಹೋಯಿತು, ಎರಡು ಎಮ್ಮೆಗಳಲ್ಲಿ ಒಂದು ಮಾರಾಟವಾಯಿತು. ಆವತ್ತಿನಿಂದ ಒಂದೇ ಪ್ರಶ್ನೆ ನನ್ನನ್ನು ಕಾಡುತ್ತಿದೆ. ಅವಳ ಬದಲು ಅವಳ ಫೈಲು ಬಂದಿದ್ದರೆ ಆಗುತ್ತಿರಲಿಲ್ಲವೇ?

ಊರಿನ ಸರ್ಜನ್ ಬಗ್ಗೆ ನಾನು ಕೆಟ್ಟದ್ದು ಹೇಳಲಾರೆ. ಹರ್ನಿಯಾ, ಅಪೆಂಡಿಕ್ಸ್, ಪಿತ್ತಕೋಶದ ಕಲ್ಲು ಎಂದು ದಿನವಿಡೀ ನಿಂತು ಕೆಲಸ ಮಾಡುವ ಮನುಷ್ಯ. ಸ್ತನ ಕ್ಯಾನ್ಸರ್ ಅವರ ಕೈಗೆ ಬರುವುದು ಅಪರೂಪಕ್ಕೆ. ಅವರಿಗೆ ಇಲ್ಲದಿದ್ದದ್ದು ಬುದ್ಧಿಯೂ ಅಲ್ಲ, ಕಾಳಜಿಯೂ ಅಲ್ಲ. "ಈ ಕೇಸ್ ನೋಡಿ, ನಾನು ಹೀಗೆ ಮಾಡಬೇಕೆಂದಿದ್ದೇನೆ, ಸರಿಯೇ?" ಎಂದು ಕೇಳಲು ಅವರಿಗೊಂದು ಜಾಗವಿರಲಿಲ್ಲ.

ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಆ ಜಾಗಕ್ಕೆ ಟ್ಯೂಮರ್ ಬೋರ್ಡ್ ಎನ್ನುತ್ತಾರೆ. ಆಪರೇಷನ್ ಮಾಡುವ ಸರ್ಜನ್, ಕಿಮೊ ಕೊಡುವ ಮೆಡಿಕಲ್ ಆಂಕಾಲಜಿಸ್ಟ್, ನಮ್ಮ ಹಳ್ಳಿಗಳಲ್ಲಿ "ಕರೆಂಟ್ ಕೊಡೋ ಡಾಕ್ಟ್ರು" ಎಂದು ಕರೆಯುವ ರೇಡಿಯೇಷನ್ ತಜ್ಞರು, ಸ್ಕ್ಯಾನ್ ಓದುವ ರೇಡಿಯಾಲಜಿಸ್ಟ್, ಸ್ಲೈಡ್ ಓದುವ ಪೆಥಾಲಜಿಸ್ಟ್, ಎಲ್ಲರೂ ಒಂದೇ ಮೇಜಿನ ಸುತ್ತ ಕೂರುತ್ತಾರೆ. ಉಳಿದ ಬಹಳಷ್ಟು ಕಾಯಿಲೆಗಳಿಗೆ ಒಬ್ಬ ವೈದ್ಯರು ಸಾಕು. ಕ್ಯಾನ್ಸರಿಗೆ ಸಾಲದು. ಕತ್ತಿ, ಔಷಧಿ, ವಿಕಿರಣ ಮೂರೂ ಇದ್ದಾಗ ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮವೇ ಅರ್ಧ ಚಿಕಿತ್ಸೆ. ಒಬ್ಬರೇ ನಿರ್ಧರಿಸಿದರೆ ತಮ್ಮ ಕೈಯಲ್ಲಿರುವ ಅಸ್ತ್ರದ ಕಡೆಗೇ ಮನಸ್ಸು ವಾಲುವುದು ಸಹಜ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1995ರ ಕ್ಯಾಲ್‌ಮನ್–ಹೈನ್ ವರದಿಯ ನಂತರ ಕ್ಯಾನ್ಸರ್ ಚಿಕಿತ್ಸೆಯನ್ನು ಹೀಗೆ ತಂಡವಾಗಿ ನಿರ್ಧರಿಸುವುದೇ ಪದ್ಧತಿಯಾಯಿತು. ಇಂಥ ತಂಡದ ಪದ್ಧತಿಯಿಂದ ಏನಾದರೂ ಲಾಭವಿದೆಯೇ ಎಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ಭಾಗದಲ್ಲಿ ಲೆಕ್ಕ ಹಾಕಿ ನೋಡಿದರು. 13,722 ಮಹಿಳೆಯರ ದಾಖಲೆಗಳನ್ನು ಆಧರಿಸಿದ ಆ ಅಧ್ಯಯನ 2012ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ತಂಡದ ಪದ್ಧತಿ ಬರುವ ಮೊದಲು ಆ ಪ್ರದೇಶದಲ್ಲಿ ಸ್ತನ ಕ್ಯಾನ್ಸರಿನ ಸಾವು ಅಕ್ಕಪಕ್ಕದ ಪ್ರದೇಶಗಳಿಗಿಂತ ಶೇ 11ರಷ್ಟು ಹೆಚ್ಚಿತ್ತು. ಬಂದ ಮೇಲೆ ಆ ಪ್ರದೇಶಗಳಿಗಿಂತ ಶೇ 18ರಷ್ಟು ಕಡಿಮೆಯಾಯಿತು. ಇಂಥ ಅಧ್ಯಯನದಲ್ಲಿ ಎಲ್ಲ ಶ್ರೇಯಸ್ಸನ್ನೂ ಒಂದೇ ಕಾರಣಕ್ಕೆ ಕೊಡಲು ಬರುವುದಿಲ್ಲ, ನಿಜ. ಆದರೆ ಅಲ್ಲಿ ಬಂದದ್ದು ಹೊಸ ಔಷಧಿಯಲ್ಲ, ಹೊಸ ಯಂತ್ರವೂ ಅಲ್ಲ. ವೈದ್ಯರು ಒಟ್ಟಿಗೆ ಕೂತು ಮಾತಾಡುವ ರೂಢಿ.

ನಮ್ಮಲ್ಲಿ ಹೀಗೆ ಕೂರಲು ಐವರೂ ಒಂದೇ ಊರಿನಲ್ಲಿ ಸಿಗಬೇಕಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ 14 ಲಕ್ಷಕ್ಕೂ ಹೆಚ್ಚು ಹೊಸ ಕ್ಯಾನ್ಸರ್ ರೋಗಿಗಳು, 9 ಲಕ್ಷಕ್ಕೂ ಹೆಚ್ಚು ಸಾವುಗಳು. ತಜ್ಞರು ಹೆಚ್ಚಾಗಿ ಇರುವುದು ಮಹಾನಗರಗಳಲ್ಲಿ. ಕರ್ನಾಟಕದಲ್ಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದ ಬಡವರ ದಿಕ್ಕಾಗಿದೆ. ಕಲಬುರಗಿಯಲ್ಲಿ ಅದರ ಪ್ರಾದೇಶಿಕ ಕೇಂದ್ರವಿದೆ. ಹುಬ್ಬಳ್ಳಿ, ಬೆಳಗಾವಿ, ಮಣಿಪಾಲ, ಮಂಗಳೂರು, ಮೈಸೂರುಗಳಲ್ಲಿ ಒಳ್ಳೆಯ ಆಸ್ಪತ್ರೆಗಳಿವೆ. ಆದರೂ ಕಿದ್ವಾಯಿ ಇರುವ ಡೈರಿ ಸರ್ಕಲ್ ಹತ್ತಿರ ಒಂದು ಬೆಳಿಗ್ಗೆ ನಿಂತು ನೋಡಿ. ರಾಯಚೂರಿನ ಮಾತು, ಬೀದರಿನ ಮಾತು, ಚಿತ್ರದುರ್ಗದ ಮಾತು ಎಲ್ಲವೂ ಕಿವಿಗೆ ಬೀಳುತ್ತವೆ. ಎಲ್ಲರ ಕೈಯಲ್ಲೂ ಅದೇ ಉದ್ದನೆಯ ಫಿಲಂ ಕವರು.

ರೋಗಿಯನ್ನು ಕಳಿಸುವ ಬದಲು ತಿಳಿವಳಿಕೆಯನ್ನು ಕಳಿಸಬಹುದು ಎಂದು ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಿದವರು ಕ್ಯಾನ್ಸರ್ ವೈದ್ಯರಲ್ಲ, ಒಬ್ಬ ಲಿವರ್ ತಜ್ಞ. ಭಾರತ ಮೂಲದ ಡಾ. ಸಂಜೀವ್ ಅರೋರಾ ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ ಹೆಪಟೈಟಿಸ್ ಸಿ ರೋಗಿಗಳನ್ನು ನೋಡುತ್ತಿದ್ದರು. ವಿಶಾಲವಾದ ರಾಜ್ಯ, ಜನ ವಿರಳ, ತಜ್ಞರು ಇನ್ನೂ ವಿರಳ. ಅವರ ಕ್ಲಿನಿಕ್ಕಿನಲ್ಲಿ ಒಂದು ಭೇಟಿಗೆ ಎಂಟು ತಿಂಗಳು ಕಾಯಬೇಕಿತ್ತು. ಆಗಿನ ಚಿಕಿತ್ಸೆಯೋ ಕಿಮೊದಷ್ಟೇ ಕಠಿಣ, ತಿಂಗಳುಗಟ್ಟಲೆ ಚುಚ್ಚುಮದ್ದು, ಅಡ್ಡಪರಿಣಾಮ ನೂರೆಂಟು. ಹಳ್ಳಿಯ ವೈದ್ಯರು ಅದನ್ನು ಮುಟ್ಟಲು ಹೆದರುತ್ತಿದ್ದರು. ಅರೋರಾ 2003ರಲ್ಲಿ ಆ ವೈದ್ಯರನ್ನೇ ವಾರಕ್ಕೊಮ್ಮೆ ವಿಡಿಯೊ ಪರದೆಗೆ ಕರೆದರು. ಒಬ್ಬೊಬ್ಬರೂ ತಮ್ಮ ರೋಗಿಯ ವಿವರ ಮಂಡಿಸಬೇಕು, ತಜ್ಞರು ಸಲಹೆ ಕೊಡಬೇಕು, ಉಳಿದವರು ಕೇಳಬೇಕು. ಇದೇ ಪ್ರಾಜೆಕ್ಟ್ ಎಕೋ.

ಅದು ಕೆಲಸ ಮಾಡಿತೇ? 407 ರೋಗಿಗಳ ಫಲಿತಾಂಶ 2011ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ವಿಶ್ವವಿದ್ಯಾಲಯದ ತಜ್ಞರೇ ನೋಡಿದವರಲ್ಲಿ ಶೇ 57.5 ಮಂದಿಯ ರಕ್ತದಿಂದ ವೈರಸ್ ಹೋಗಿತ್ತು. ಸಣ್ಣ ಊರುಗಳ ಕ್ಲಿನಿಕ್ಕುಗಳಲ್ಲಿ, ಜೈಲುಗಳಲ್ಲಿ ಸಾಮಾನ್ಯ ವೈದ್ಯರು ನೋಡಿದವರಲ್ಲಿ ಶೇ 58.2. ವ್ಯತ್ಯಾಸವೇ ಇಲ್ಲ ಎನ್ನಬೇಕು. ಈ ಎರಡು ಅಂಕಿಗಳನ್ನು ಮೊದಲು ಓದಿದಾಗ ನಾನು ಅತ್ತೆಯ ಊರಿನ ಆ ಸರ್ಜನ್ನರನ್ನು ನೆನೆದೆ. ಸರಿಯಾದ ಜನ ಜೊತೆಗಿದ್ದರೆ ಅವರ ಕೈಯಲ್ಲೂ ಇದೇ ಫಲಿತಾಂಶ ಬರಬಹುದಿತ್ತು.

ಕ್ಯಾನ್ಸರಿನಲ್ಲಿ ಇದರ ಒಂದು ನಿದರ್ಶನ ಜೋರ್ಡಾನಿನದು. ಅಮ್ಮಾನ್ ನಗರದ ಕಿಂಗ್ ಹುಸೇನ್ ಕ್ಯಾನ್ಸರ್ ಕೇಂದ್ರದ ವೈದ್ಯರು 2004ರ ಕೊನೆಯಿಂದ ಕೆನಡಾದ ಟೊರಾಂಟೊದ ಮಕ್ಕಳ ಆಸ್ಪತ್ರೆಯ ತಜ್ಞರೊಂದಿಗೆ ವಿಡಿಯೊ ಮೂಲಕ ಕೂರತೊಡಗಿದರು. ವಿಷಯ ಮಿದುಳಿನ ಗೆಡ್ಡೆ. ಸುಮಾರು ಒಂದೂವರೆ ವರ್ಷದಲ್ಲಿ ಚರ್ಚೆಗೆ ಬಂದ 64 ರೋಗಿಗಳಲ್ಲಿ 23 ಮಂದಿಯ ಚಿಕಿತ್ಸೆಯ ಯೋಜನೆಯಲ್ಲಿ ದೊಡ್ಡ ಬದಲಾವಣೆಯ ಸಲಹೆ ಬಂತು. 21 ಮಂದಿಯಲ್ಲಿ ಅದನ್ನು ಪಾಲಿಸಲಾಯಿತು. ಹತ್ತಿರಹತ್ತಿರ ಮೂವರಲ್ಲಿ ಒಬ್ಬರ ಚಿಕಿತ್ಸೆಯ ದಾರಿ ಬದಲಾಯಿತು, ಆ ಪೈಕಿ ಯಾರೂ ಸಲಹೆಗಾಗಿ ವಿಮಾನ ಹತ್ತಲಿಲ್ಲ.

ನಮ್ಮ ದೇಶದಲ್ಲಿ ಇದಕ್ಕೆ ಅಡಿಪಾಯ ಹಾಕಿದ್ದು ನ್ಯಾಷನಲ್ ಕ್ಯಾನ್ಸರ್ ಗ್ರಿಡ್. 1941ರಲ್ಲಿ ಶುರುವಾದ ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆ ಈಗ ಪರಮಾಣು ಇಂಧನ ಇಲಾಖೆಯ ಅಡಿಯಲ್ಲಿದೆ. ಅದರ ಮುಂದಾಳತ್ವದಲ್ಲಿ 2012ರಲ್ಲಿ ಗ್ರಿಡ್ ರೂಪುಗೊಂಡಿತು. ಇಂದು ಸರ್ಕಾರಿ, ಖಾಸಗಿ, ಧರ್ಮಾರ್ಥ ಎಂಬ ಭೇದವಿಲ್ಲದೆ 300ಕ್ಕೂ ಹೆಚ್ಚು ಸಂಸ್ಥೆಗಳು ಅದರಲ್ಲಿವೆ. ಔಷಧಿಗಳನ್ನು ಒಟ್ಟಾಗಿ ಕೊಂಡು ಬೆಲೆ ಇಳಿಸುವುದು ಅದರ ಒಂದು ಕೆಲಸ. ಅಂಗವಾರು ವರ್ಚುವಲ್ ಟ್ಯೂಮರ್ ಬೋರ್ಡ್ ನಡೆಸುವುದು ಇನ್ನೊಂದು. ಸಣ್ಣ ಕೇಂದ್ರದ ವೈದ್ಯರು ತಮ್ಮ ಕಷ್ಟದ ಕೇಸನ್ನು ದೇಶದ ತಜ್ಞರ ಮುಂದೆ ಇಡಬಹುದು. ರೋಗಿಗಳು ತಾವೇ ವರದಿಗಳನ್ನು ಕಳಿಸಿ ಟಾಟಾ ಮತ್ತು ಗ್ರಿಡ್ ತಜ್ಞರ ಅಭಿಪ್ರಾಯ ಪಡೆಯುವ 'ನವ್ಯ' ಎಂಬ ಆನ್‌ಲೈನ್ ಸೇವೆಯೂ ಇದೆ. ಅದೂ ಉಪಕಾರಿಯೇ. ಆದರೆ ರೋಗಿಗೆ ಸಿಗುವ ಅಭಿಪ್ರಾಯ ಒಬ್ಬರಿಗಷ್ಟೇ ನೆರವಾಗುತ್ತದೆ. ವೈದ್ಯರಿಗೆ ಸಿಕ್ಕ ಅಭಿಪ್ರಾಯ ಅವರ ಮುಂದಿನ ನೂರು ರೋಗಿಗಳಿಗೂ ತಲುಪುತ್ತದೆ. ನಾನು ಎರಡನೆಯದಕ್ಕೇ ಹೆಚ್ಚು ಆಸೆಪಡುವುದು ಈ ಕಾರಣಕ್ಕೆ.

ಅಂಥ ಸಭೆಯೊಳಗೆ ಏನು ನಡೆಯುತ್ತದೆ? ಒಂದು ಕೇಸನ್ನು ಊಹಿಸಿಕೊಂಡು ನೋಡೋಣ. ಇಂಥವು ನಮ್ಮಲ್ಲಿ ಮತ್ತೆ ಮತ್ತೆ ಬರುತ್ತವೆ.

ಸಂಜೆ ನಾಲ್ಕು ಗಂಟೆ. ಜಿಲ್ಲಾ ಆಸ್ಪತ್ರೆಯ ವೈದ್ಯೆಯೊಬ್ಬರು ಪರದೆಯ ಮೇಲೆ ಕೇಸ್ ಮಂಡಿಸುತ್ತಿದ್ದಾರೆ. ನಲವತ್ತೆಂಟು ವರ್ಷದ ಹೆಣ್ಣುಮಗಳು, ಹೊಲದ ಕೂಲಿ. ಬಿಳುಪು ಹೋಗುತ್ತಿತ್ತು, ನಡುನಡುವೆ ರಕ್ತವೂ ಕಾಣಿಸುತ್ತಿತ್ತು. ತಾಲ್ಲೂಕಿನ ನರ್ಸಿಂಗ್ ಹೋಮಿನಲ್ಲಿ ಗರ್ಭಕೋಶ ತೆಗೆದರು. ತೆಗೆದ ಅಂಗವನ್ನು ಲ್ಯಾಬಿಗೆ ಕಳಿಸಿದ್ದು ಪುಣ್ಯ. ಮೂರು ವಾರದ ಮೇಲೆ ವರದಿ ಬಂತು: ಗರ್ಭಕೊರಳಿನ ಕ್ಯಾನ್ಸರ್.

ಮೊದಲು ಮಾತಾಡುವವರು ಪೆಥಾಲಜಿಸ್ಟ್. ಗೆಡ್ಡೆ ಎಷ್ಟು ಆಳಕ್ಕೆ ಇಳಿದಿದೆ, ಕೊಯ್ದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯೇ, ರಕ್ತನಾಳಗಳ ಒಳಗೆ ಕಾಣುತ್ತಿದೆಯೇ? ವರದಿಯಲ್ಲಿ ಇದು ಯಾವುದೂ ಇಲ್ಲ. "ಬ್ಲಾಕ್ ತರಿಸಿ" ಎನ್ನುತ್ತಾರೆ. ಮತ್ತೆ ಅದೇ ಮೇಣದ ತುಂಡು. ರೇಡಿಯಾಲಜಿಸ್ಟ್ ಸ್ಕ್ಯಾನ್ ನೋಡಿ ಕಿಬ್ಬೊಟ್ಟೆಯ ಗ್ರಂಥಿಗಳ ಬಗ್ಗೆ ಹೇಳುತ್ತಾರೆ. ರೇಡಿಯೇಷನ್ ತಜ್ಞರು ಐದು ವಾರದ ವಿಕಿರಣ, ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎನ್ನುತ್ತಾರೆ. ಕೂಡಲೇ ಮೆಡಿಕಲ್ ಆಂಕಾಲಜಿಸ್ಟರ ಪ್ರಶ್ನೆ: ಕ್ರಿಯಾಟಿನಿನ್ ಎಷ್ಟು? ಸಿಸ್‌ಪ್ಲಾಟಿನ್ ಮೂತ್ರಪಿಂಡಕ್ಕೆ ಭಾರ. ಹಿಮೊಗ್ಲೋಬಿನ್? ಎಂಟು. ಹಾಗಾದರೆ ಮೊದಲು ರಕ್ತ ಕೊಡಬೇಕು.

ಆಮೇಲೆ ಬರುವ ಪ್ರಶ್ನೆ ಯಾವ ವೈದ್ಯಕೀಯ ಪುಸ್ತಕದಲ್ಲೂ ಮೊದಲ ಪುಟದಲ್ಲಿ ಇರುವುದಿಲ್ಲ. ರೇಡಿಯೇಷನ್ ಯಂತ್ರ ಅವಳ ಊರಿಂದ ಎಷ್ಟು ದೂರ? ವಾರಕ್ಕೆ ಐದು ದಿನದಂತೆ ಐದು ವಾರ ಅವಳು ಎಲ್ಲಿ ಉಳಿಯುತ್ತಾಳೆ? ಜೊತೆಗೆ ಯಾರು ಇರುತ್ತಾರೆ? ಅವಳಿಗೆ ಆಯುಷ್ಮಾನ್ ಕಾರ್ಡ್ ಇದೆಯೇ? ಇದಕ್ಕೆ ಉತ್ತರ ಗೊತ್ತಿರುವುದು ಜಿಲ್ಲೆಯ ವೈದ್ಯೆಗೆ ಮಾತ್ರ. ಗಂಡ ಗುಳೆ ಹೋಗಿದ್ದಾನೆ, ಮಗಳು ಬಾಣಂತಿ, ತಮ್ಮನೊಬ್ಬ ಬರಬಹುದು ಎಂದು ಅವರು ಹೇಳುತ್ತಾರೆ. ವಿಕಿರಣ ಶುರುವಾದ ಮೇಲೆ ನಡುವೆ ನಿಲ್ಲಿಸಿದರೆ ಫಲ ತಗ್ಗುತ್ತದೆ. ಹಾಗಾಗಿ ಧರ್ಮಶಾಲೆಯಲ್ಲಿ ಜಾಗ ಗೊತ್ತುಮಾಡುವುದೂ ಚಿಕಿತ್ಸೆಯ ಯೋಜನೆಯೊಳಗೇ ಬರುತ್ತದೆ. ಇಲ್ಲಿ ಕಲಿಯುವವರು ನಗರದ ತಜ್ಞರು, ಕಲಿಸುವವರು ಜಿಲ್ಲೆಯ ವೈದ್ಯೆ.

ಕೊನೆಗೆ ಯಾರೋ ಮೆಲ್ಲಗೆ ಕೇಳುತ್ತಾರೆ, ಆಪರೇಷನ್ನಿಗೆ ಮೊದಲು ಗರ್ಭಕೊರಳಿನ ಪರೀಕ್ಷೆ ಆಗಿತ್ತೇ? ಆಗಿರಲಿಲ್ಲ. ಮೊದಲೇ ಒಂದು ಸಣ್ಣ ಚೂರು ತೆಗೆದು ನೋಡಿದ್ದರೆ ಚಿಕಿತ್ಸೆಯ ದಾರಿಯನ್ನು ಆಗಲೇ ಸರಿಯಾಗಿ ಆರಿಸಬಹುದಿತ್ತು. ಪರದೆಯ ಮೇಲಿನ ಇಪ್ಪತ್ತು ಕಿಟಕಿಗಳಲ್ಲಿ ಕೂತ ಇಪ್ಪತ್ತು ಊರಿನ ವೈದ್ಯರು ಇದನ್ನು ಕೇಳಿಸಿಕೊಂಡಿರುತ್ತಾರೆ. ಯಾರನ್ನೂ ಬೈಯದೆ, ಯಾವ ಸುತ್ತೋಲೆಯನ್ನೂ ಹೊರಡಿಸದೆ, ಮುಂದಿನ ಸಲ ಗರ್ಭಕೋಶ ತೆಗೆಯುವ ಮೊದಲು ಪರೀಕ್ಷೆ ಮಾಡಬೇಕೆಂಬ ಎಚ್ಚರ ಇಪ್ಪತ್ತು ಕಡೆ ಹುಟ್ಟುತ್ತದೆ.

ಆದರೆ ಸಭೆಗೆ ಹೋಗುವ ಫೈಲು ಅರೆಬರೆಯಾದರೆ ಸಿಗುವ ಸಲಹೆಯೂ ಅರೆಬರೆಯೇ. ಸಿಟಿ ಸ್ಕ್ಯಾನಿನ ಫಿಲಂ ಅನ್ನು ಕಿಟಕಿಯ ಬೆಳಕಿಗೆ ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆದು ವಾಟ್ಸಾಪ್ ಮಾಡುವುದು ನಮ್ಮಲ್ಲಿ ದಿನನಿತ್ಯದ ಸಂಗತಿ. ನೂರಾರು ಪದರಗಳಿರುವ ಸ್ಕ್ಯಾನಿನಲ್ಲಿ ಆ ಫಿಲಂ ಮೇಲೆ ಇರುವುದು ಆಯ್ದ ಕೆಲವು ಚಿತ್ರಗಳಷ್ಟೆ. ಸ್ಕ್ಯಾನ್ ಸೆಂಟರಿನಲ್ಲಿ ಕೇಳಿದರೆ ಪೂರ್ತಿ ಚಿತ್ರಗಳನ್ನು ಸಿಡಿಯಲ್ಲೋ ಲಿಂಕ್ ಮೂಲಕವೋ ಕೊಡುತ್ತಾರೆ. ಕೇಳಬೇಕೆಂದು ಗೊತ್ತಿರುವವರು ಕಡಿಮೆ.

ಇನ್ನು ಸ್ತನ ಕ್ಯಾನ್ಸರಿನ ಚೂರಿನ ಮೇಲೆ ಮಾಡುವ ಹರ್‌–2 ಪರೀಕ್ಷೆ. ಮೂರು ಪ್ಲಸ್ ಬಂದರೆ ಪಾಸಿಟಿವ್, ಸೊನ್ನೆ ಅಥವಾ ಒಂದು ಪ್ಲಸ್ ಬಂದರೆ ನೆಗೆಟಿವ್. ಎರಡು ಪ್ಲಸ್ ಬಂದರೆ ಇನ್ನೂ ತೀರ್ಮಾನವಾಗಿಲ್ಲ, ಫಿಶ್ ಎಂಬ ಮತ್ತೊಂದು ಪರೀಕ್ಷೆ ಬೇಕು. ಆ ಎರಡು ಪ್ಲಸ್ ಅನ್ನು ಹಾಗೇ ಬಿಟ್ಟು ಕಿಮೊ ಮುಗಿಸಿದವರೂ ಇರುತ್ತಾರೆ. ಟ್ರಾಸ್ಟುಜುಮಾಬ್ ಎಂಬ ಔಷಧಿ ಹರ್‌–2 ಪಾಸಿಟಿವ್ ಇದ್ದವರ ಆಯುಸ್ಸನ್ನೇ ಬದಲಿಸುವಂಥದ್ದು. ನಮ್ಮ ಬೆಂಗಳೂರಿನ ಬಯೋಕಾನ್ 2014ರಲ್ಲೇ ಅದರ ಬಯೋಸಿಮಿಲರ್, ಅಂದರೆ ಅದನ್ನೇ ಹೋಲುವ ಔಷಧಿಯನ್ನು ಮಾರುಕಟ್ಟೆಗೆ ತಂದಿದೆ. ಔಷಧಿ ಬೆಂಗಳೂರಿನಲ್ಲೇ ತಯಾರಾದರೂ ಒಂದು ಪರೀಕ್ಷೆ ಬಿಟ್ಟುಹೋದ ಕಾರಣಕ್ಕೆ ರಾಯಚೂರಿನ ರೋಗಿಗೆ ಅದು ಸಿಗದೆ ಹೋಗಬಹುದು. ಕೇಸ್ ಪರಿಶೀಲನೆಯ ಸಭೆಯಲ್ಲಿ ಇಂಥ ಕಣ್ತಪ್ಪು ಒಂದು ನಿಮಿಷದಲ್ಲಿ ಸಿಕ್ಕಿಬೀಳುತ್ತದೆ. "ಎರಡು ಪ್ಲಸ್ಸಾ? ಫಿಶ್ ಎಲ್ಲಿ?"

ತಜ್ಞರೂ ತಮ್ಮ ಮಾತಿನ ಬೆಲೆ ತಿಳಿದು ಮಾತಾಡಬೇಕು. ಲಕ್ಷಗಟ್ಟಲೆ ಖರ್ಚಿನ ಹೊಸ ಔಷಧಿಯ ಹೆಸರು ಹೇಳಿ ಪರದೆ ಆರಿಸಿದರೆ ಜಿಲ್ಲೆಯ ವೈದ್ಯರು ರೋಗಿಯ ಮುಖ ನೋಡಲಾರರು. ಕ್ಯಾನ್ಸರ್ ಗ್ರಿಡ್ ತನ್ನ ಮಾರ್ಗಸೂಚಿಗಳಲ್ಲಿ ಚಿಕಿತ್ಸೆಗಳನ್ನು ಅಗತ್ಯ, ಉತ್ತಮ, ಐಚ್ಛಿಕ ಎಂದು ಮೂರು ಹಂತವಾಗಿ ವಿಂಗಡಿಸಿರುವುದು ಇದಕ್ಕೇ. ಎಲ್ಲರಿಗೂ ಸಿಗಲೇಬೇಕಾದದ್ದು ಯಾವುದು, ಅನುಕೂಲವಿದ್ದರೆ ಕೊಡಬೇಕಾದದ್ದು ಯಾವುದು ಎಂಬ ಸ್ಪಷ್ಟತೆ ಬಡ ರೋಗಿಯ ಮನೆಮಠ ಉಳಿಸುತ್ತದೆ.

ಇಷ್ಟೆಲ್ಲ ಒಳಿತಿದ್ದರೂ ಇದು ಏಕೆ ಎಲ್ಲೆಡೆ ನಡೆಯುತ್ತಿಲ್ಲ? ನೆಟ್‌ವರ್ಕ್ ಸಮಸ್ಯೆ ಎಂದು ಹೇಳುವ ಕಾಲ ಹೋಯಿತು. ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಇಸ್ರೊ 2002ರಲ್ಲೇ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತ್ತು. ಆಗ ಅದಕ್ಕೆ ಆಕಾಶದಲ್ಲಿ ಉಪಗ್ರಹ, ಆಸ್ಪತ್ರೆಯ ಮಾಳಿಗೆಯ ಮೇಲೆ ಡಿಶ್ ಬೇಕಿತ್ತು. ಇವತ್ತು ವೈದ್ಯರ ಜೇಬಿನಲ್ಲಿರುವ ಫೋನು ಸಾಕು. ಈಗ ಅಡ್ಡಿಯಾಗಿರುವುದು ಬೇರೆಯೇ.

ಒಂದು, ಸಂಕೋಚ. "ನನಗೆ ಇದು ಗೊತ್ತಿಲ್ಲ, ಕೇಳಿ ಹೇಳುತ್ತೇನೆ" ಎಂದು ವೈದ್ಯರು ಹೇಳಿದರೆ ನಮ್ಮ ಜನ ಮರುದಿನವೇ ಬೇರೆ ಆಸ್ಪತ್ರೆ ಹುಡುಕುತ್ತಾರೆ. ಹೀಗೆ ವೈದ್ಯರಿಗೆ ಗೊತ್ತಿಲ್ಲದಿದ್ದರೂ ಗೊತ್ತಿದೆ ಎನ್ನುವ ಅಭ್ಯಾಸ ಮಾಡಿಸಿದವರು ನಾವೇ. ಹಳ್ಳಿಯಲ್ಲಿ ಬಾವಿ ತೋಡುವ ಮೊದಲು ನಾಲ್ಕು ಜನರನ್ನು ಕೇಳುತ್ತೇವೆ, ಮಗಳಿಗೆ ಗಂಡು ನೋಡುವಾಗ ಹತ್ತು ಕಡೆ ವಿಚಾರಿಸುತ್ತೇವೆ. ಎದೆಗೆ ಕತ್ತಿ ಹಾಕುವ ಮುನ್ನ ವೈದ್ಯರು ನಾಲ್ವರನ್ನು ಕೇಳಿದರೆ ಅದು ಅವರ ಹೆಚ್ಚುಗಾರಿಕೆ ಎಂದು ನಾವು ತಿಳಿಯಬೇಕು.

ಇನ್ನೊಂದು, ಸಮಯ. ನಿಮಿಷಕ್ಕೊಬ್ಬ ರೋಗಿಯನ್ನು ನೋಡುವ ವೈದ್ಯರಿಗೆ ಒಂದು ಕೇಸನ್ನು ಸರಿಯಾಗಿ ಮಂಡಿಸಲು ಬೇಕಾದ ತಯಾರಿಗೆ ಬಿಡುವೆಲ್ಲಿ? ಈ ಕೆಲಸ ಈಗ ಹೆಚ್ಚಾಗಿ ಅವರವರ ಒಳ್ಳೆಯತನದ ಮೇಲೆ ನಡೆಯುತ್ತಿದೆ. ಒಳ್ಳೆಯತನವನ್ನೇ ನಂಬಿ ವ್ಯವಸ್ಥೆ ಕಟ್ಟಲಾಗದು. ಟ್ಯೂಮರ್ ಬೋರ್ಡಿನಲ್ಲಿ ಕೂತ ಗಂಟೆ ಡ್ಯೂಟಿಯ ಗಂಟೆಯೆಂದೇ ಲೆಕ್ಕವಾಗಬೇಕು. ಫೈಲು ಜೋಡಿಸಲು, ಬ್ಲಾಕ್ ತರಿಸಲು, ಸ್ಕ್ಯಾನ್ ಅಪ್‌ಲೋಡ್ ಮಾಡಲು ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ಒಬ್ಬರನ್ನು ನೇಮಿಸಬೇಕು. ಸಭೆ ಏನು ತೀರ್ಮಾನಿಸಿತು ಎಂಬುದು ರೋಗಿಯ ಕೈಗೆ ಕನ್ನಡದಲ್ಲಿ ಬರೆದು ಕೊಡುವಂತಾಗಬೇಕು.

ಹೊಣೆ ಯಾರದು ಎಂಬ ಭಯವೂ ಹಲವರಿಗಿದೆ. ಕೇಂದ್ರ ಸರ್ಕಾರ 2020ರ ಮಾರ್ಚ್ 25ರಂದು ಹೊರಡಿಸಿದ ಟೆಲಿಮೆಡಿಸಿನ್ ಮಾರ್ಗಸೂಚಿ ಇದನ್ನು ಬಿಡಿಸಿ ಹೇಳಿದೆ. ಒಬ್ಬ ವೈದ್ಯರು ಇನ್ನೊಬ್ಬ ವೈದ್ಯರ ಸಲಹೆ ಕೇಳಬಹುದು, ಆದರೆ ರೋಗಿಗೆ ಕೊಡುವ ಚಿಕಿತ್ಸೆಯ ಹೊಣೆ ಕೇಳಿದ ವೈದ್ಯರದೇ. ಇದು ಸರಿ ಎಂದೇ ನನ್ನ ಭಾವನೆ. ರೋಗಿಯ ಮೈ ಮುಟ್ಟಿ ನೋಡಿದವರು, ಮನೆಯವರ ಮುಖ ನೋಡಿದವರು ಅವರು. ರೋಗಿಯ ಹೆಸರು, ಮುಖ, ಫೋನ್ ನಂಬರ್ ಮಾತ್ರ ಆ ಪರದೆಯ ಮೇಲೆ ಬರಕೂಡದು. ಕೇಸ್ ಕಳಿಸುವ ಮೊದಲು ರೋಗಿಯ ಒಪ್ಪಿಗೆ ಪಡೆಯಬೇಕು. ಹಳ್ಳಿಯಲ್ಲಿ ಕ್ಯಾನ್ಸರ್ ಎಂಬ ಸುದ್ದಿ ಹಬ್ಬಿದರೆ ಮಗಳ ಮದುವೆ ನಿಲ್ಲುತ್ತದೆ ಎಂದು ಅಂಜುವ ತಾಯಂದಿರು ಇನ್ನೂ ಇದ್ದಾರೆ.

ಪರದೆಯಿಂದ ಆಗದ ಕೆಲಸಗಳೂ ಇವೆ. ಗಂಟು ಎದೆಗೂಡಿಗೆ ಅಂಟಿದೆಯೇ, ಕೈಗೆ ಜಾರುತ್ತದೆಯೇ ಎಂದು ಬೆರಳೇ ಹೇಳಬೇಕು. ವಿಕಿರಣಕ್ಕೆ ರೋಗಿ ಯಂತ್ರದ ಬಳಿಗೇ ಹೋಗಬೇಕು. ಕಷ್ಟದ ಆಪರೇಷನ್ನುಗಳು ಪಳಗಿದ ಕೈಯಲ್ಲೇ ಆಗಬೇಕು. ಹಾಗೆ ಕಳಿಸಬೇಕಾದಾಗಲೂ ಯಾರನ್ನು, ಎಲ್ಲಿಗೆ, ಯಾವ ಪರೀಕ್ಷೆ ಮುಗಿಸಿ ಕಳಿಸಬೇಕು ಎಂದು ಮೊದಲೇ ತಿಳಿದಿದ್ದರೆ ರೋಗಿಯ ನಾಲ್ಕು ಪ್ರಯಾಣ ಒಂದಾಗುತ್ತದೆ.

ಈ ಮಾತನ್ನು ಈಗಲೇ ಹೇಳುವುದಕ್ಕೆ ಕಾರಣವಿದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕ್ಯಾನ್ಸರ್ ಕೇಂದ್ರಗಳನ್ನು ಮೂರು ವರ್ಷದಲ್ಲಿ ತೆರೆಯುವುದಾಗಿ, ಅದರಲ್ಲಿ 200 ಕೇಂದ್ರಗಳನ್ನು 2025–26ರಲ್ಲೇ ಆರಂಭಿಸುವುದಾಗಿ ಕೇಂದ್ರ ಬಜೆಟ್ ಘೋಷಿಸಿತು. ಕರ್ನಾಟಕ ಸರ್ಕಾರವೂ 2025ರಲ್ಲಿ ಜಿಲ್ಲೆಗಳಲ್ಲಿ ಡೇ ಕೇರ್ ಕಿಮೊಥೆರಪಿ ಕೇಂದ್ರಗಳನ್ನು ಆರಂಭಿಸಿತು. ಬೆಳಿಗ್ಗೆ ಬಂದು ಡ್ರಿಪ್ ಹಾಕಿಸಿಕೊಂಡು ಸಂಜೆ ಮನೆಗೆ ಹೋಗಬಹುದು. ಇದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಡ್ರಿಪ್ಪಿನ ಕುರ್ಚಿ ಜಿಲ್ಲೆಗೆ ಬಂದು, ಯಾವ ಔಷಧಿ, ಎಷ್ಟು ಸಲ, ಜ್ವರ ಬಂದರೆ ಏನು, ಗಂಟು ಕುಗ್ಗದಿದ್ದರೆ ಏನು ಎಂಬ ತೀರ್ಮಾನಕ್ಕೆ ಮತ್ತೆ ಬೆಂಗಳೂರಿನ ಬಸ್ಸೇ ಗತಿಯಾದರೆ ಕೆಲಸ ಅರ್ಧವಾದಂತೆ. ಪ್ರತಿ ಡೇ ಕೇರ್ ಕೇಂದ್ರಕ್ಕೂ ಒಂದು ಖಾಯಂ ಟ್ಯೂಮರ್ ಬೋರ್ಡ್ ಗೊತ್ತಾಗಿರಬೇಕು, ವಾರದ ದಿನ ಮತ್ತು ಗಂಟೆ ನಿಗದಿಯಾಗಿರಬೇಕು, ಹೊಸ ರೋಗಿಯ ಮೊದಲ ಡ್ರಿಪ್ಪಿಗೆ ಮುಂಚೆ ಅವರ ಕೇಸ್ ಅಲ್ಲಿಗೆ ಹೋಗಿಬರಬೇಕು. ಆರೋಗ್ಯ ಇಲಾಖೆ ಇದನ್ನು ನಿಯಮವನ್ನಾಗಿ ಮಾಡಬೇಕೆಂದು ಈ ಅಂಕಣದ ಮೂಲಕ ಕೇಳಿಕೊಳ್ಳುತ್ತೇನೆ.

ಅತ್ತೆ ಈಗ ಆರಾಮಿದ್ದಾಳೆ. ಆರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗುತ್ತಾಳೆ. ಅವಳ ಬ್ಲಾಕ್ ಎಲ್ಲಿದೆ ಎಂದು ಈಗ ಅವಳಿಗೆ ಬಾಯಿಪಾಠ, ಸ್ಲೈಡುಗಳು ಅಕ್ಕಿಡಬ್ಬದ ಹಿಂದಿನ ಬಿಸ್ಕೆಟ್ ಡಬ್ಬಿಯಲ್ಲಿವೆ.

ಓದುಗರಲ್ಲಿ ಒಂದು ಮನವಿ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಯಾರಿಗಾದರೂ ಬಯಾಪ್ಸಿ ಆದರೆ ವರದಿಯ ಜೊತೆಗೆ ಬ್ಲಾಕ್ ಮತ್ತು ಸ್ಲೈಡ್‌ಗಳನ್ನು ಕೇಳಿ ಪಡೆಯಿರಿ. ಸ್ಕ್ಯಾನ್ ಆದರೆ ಪೂರ್ತಿ ಚಿತ್ರಗಳಿರುವ ಸಿಡಿ ಕೇಳಿ. ಆಪರೇಷನ್ನಿಗೋ ಕಿಮೊಗೋ ದಿನ ಗೊತ್ತುಮಾಡುವ ಮೊದಲು ನಿಮ್ಮ ವೈದ್ಯರನ್ನು ವಿನಯದಿಂದ ಕೇಳಿ: "ಡಾಕ್ಟ್ರೇ, ಇವರ ಕೇಸನ್ನು ಟ್ಯೂಮರ್ ಬೋರ್ಡಿನಲ್ಲಿ ತೋರಿಸಿದ್ದೀರಾ?" ಇಲ್ಲ ಎಂದರೆ, ತೋರಿಸಲು ಬೇಕಾದ ಎರಡು ಮೂರು ದಿನ ಕಾಯುತ್ತೇವೆ ಎಂದು ಹೇಳಿ. ಕೇಳಿ ಹೇಳುವ ವೈದ್ಯರನ್ನು ಬಿಟ್ಟು ಹೋಗಬೇಡಿ.